ಕಲ್ಲವ್ವನ ಹನ್ನೊಂದು ದಿನ

ನಾನು ಎಲ್ಲರಂತೆ ಯೋಚಿಸುವವಳಲ್ಲ ಎಂದು ನಂಬಿಕೊಂಡು ಬದುಕುವುದು ಬಹಳ ಸುಖದ ಸಂಗತಿ. ಅದಕ್ಕೆ ಹೆಚ್ಚಿನ ಶ್ರಮವೂ ಬೇಕಿಲ್ಲ. ಸುತ್ತಲಿನವರು ಏನು ಯೋಚಿಸುತ್ತಾರೆಂದು ಕೇಳದೆ ಇದ್ದರಾಯಿತು. ನಲವತ್ತಾರನೆಯ ವಯಸ್ಸಿನವರೆಗೆ ನಾನು ಈ ಸುಖವನ್ನು ನಿರಾತಂಕವಾಗಿ ಅನುಭವಿಸಿದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು, ಶಿರಗುಪ್ಪಿಯ ಕಡೆಯ ಕಬ್ಬು-ದ್ರಾಕ್ಷಿಯ ಮನೆತನಕ್ಕೆ ಸೊಸೆಯಾಗಿ ಬಂದೆ. ಬಂದ ಮೊದಲ ವಾರವೇ, ತಲೆಯ ಮೇಲೆ ಸೆರಗು ಹೊದೆಯುವುದಿಲ್ಲ, ಇಟ್ ಈಸ್ ಅಗೇನ್ಸ್ಟ್ ಮೈ ಪ್ರಿನ್ಸಿಪಲ್ಸ್ ಎಂದು ಹೇಳಿಬಿಟ್ಟೆ. ಎರಡನೆಯ ವಾರ ಹೊದೆದೆ. ಬಿಸಿಲು ಜಾಸ್ತಿ ಇತ್ತು. ಆದರೂ ಆ ಮೊದಲ ವಾರದ ಬಲದ ಮೇಲೆ ಮುಂದೆ ಇಪ್ಪತ್ತು ವರ್ಷ ನನ್ನನ್ನು ನಾನು ರೆಬೆಲ್ ಎಂದೇ ತಿಳಿದುಕೊಂಡಿದ್ದೆ.

ಇದಕ್ಕೆಲ್ಲ ನಮ್ಮ ಸಿಸ್ಟರ್ ಆಗ್ನೆಸ್ ಕಾರಣ. ಪಾಪ, ಬೂದು ಕಣ್ಣಿನ ತೆಳ್ಳನೆಯ ಹೆಂಗಸು, ನಡೆದರೆ ಗಾಳಿ ನಡೆದಂತೆ. ಇಂದಿಗೂ ಫಿನೈಲಿನ ವಾಸನೆ ಬಂದರೆ ಆ ಉದ್ದನೆಯ ಕಾರಿಡಾರು, ಆಕೆಯ ಕೀಲಿಕೈ ಗೊಂಚಲಿನ ಸಪ್ಪಳ ನೆನಪಾಗುತ್ತವೆ. 'ಥಿಂಕ್ ಫಾರ್ ಯುವರ್‌ಸೆಲ್ವ್ಸ್, ಗರ್ಲ್ಸ್' ಎಂದು ಆಕೆ ದಿನಕ್ಕೊಮ್ಮೆ ಹೇಳುತ್ತಿದ್ದರು. ಒಂದು ದಿನ ನನ್ನ ಪಕ್ಕದ ಹುಡುಗಿ ನಿಜವಾಗಿಯೂ ಥಿಂಕ್ ಮಾಡಿ, ದೇವರು ಎಲ್ಲ ಕಡೆ ಇದ್ದರೆ ನಾವು ಸ್ನಾನ ಮಾಡುವಾಗ ಬಚ್ಚಲಲ್ಲೂ ಇರುತ್ತಾನೆಯೇ ಎಂದು ಕೇಳಿದಳು. ಅವಳನ್ನು ಊಟದ ಗಂಟೆಯವರೆಗೆ ವರಾಂಡದಲ್ಲಿ ನಿಲ್ಲಿಸಲಾಯಿತು. ಸ್ವತಂತ್ರವಾಗಿ ಯೋಚಿಸಬೇಕು, ಆದರೆ ಅದನ್ನು ಯಾರಿಗೂ ತೊಂದರೆಯಾಗದಂತೆ ಮಾಡಬೇಕು ಎಂಬ ಪಾಠ ನನಗೆ ಅಂದೇ ಮನದಟ್ಟಾಯಿತು.

ಆ ಪಾಠದ ಪ್ರಕಾರವೇ ನಾನು ಎಂಬತ್ತರ ದಶಕದಲ್ಲಿ ಕಾಗವಾಡದಲ್ಲಿ 'ಲೇಡೀಸ್ ಥಿಂಕರ್ಸ್ ಸರ್ಕಲ್' ಕಟ್ಟಿದೆ. ಡಾಕ್ಟರರ ಹೆಂಡತಿ, ಬ್ಯಾಂಕ್ ಮ್ಯಾನೇಜರರ ಹೆಂಡತಿ, ಹೈಸ್ಕೂಲ್ ಹೆಡ್‌ಮಾಸ್ತರರ ಹೆಂಡತಿ, ಮತ್ತೆ ನಾನು. ತಿಂಗಳ ಮೊದಲ ಶನಿವಾರ ಸೇರಿ, ಚುರಮುರಿ ತಿಂದು, ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುತ್ತಿದ್ದೆವು. ಹೊಸ ವಿಚಾರ, ಯಾರೂ ಹೇಳದ ವಿಚಾರ ನಮ್ಮಲ್ಲಿಗೆ ಬರಬೇಕು ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ. ಒಮ್ಮೆ ಹೊಸದಾಗಿ ಬಂದ ಟೀಚರೊಬ್ಬಳು, ತನಗೆ ಮದುವೆಯೇ ಬೇಡ, ಗಂಡಸರ ಬಟ್ಟೆ ಒಗೆಯಲು ತಾನು ಬಿ.ಎಡ್. ಮಾಡಿಲ್ಲ ಎಂದಳು. ನಾವು ನಾಲ್ವರೂ ಚುರಮುರಿ ಕೈಯಲ್ಲಿ ಹಿಡಿದು ಹಾಗೆಯೇ ಕುಳಿತೆವು. ಮುಂದಿನ ತಿಂಗಳ ಶನಿವಾರ ಅವಳಿಗೆ ಹೇಳಿಕಳಿಸಲು, ಯಾಕೋ, ನಾಲ್ವರಿಗೂ ಮರೆತುಹೋಯಿತು.

ಇಂಥ ನಾನು ನಮ್ಮ ಸ್ವಂತ ತೋಟದ ಕಡೆ ನೋಡಲು ತಡವಾಯಿತು. ದ್ರಾಕ್ಷಿಗಿಂತ ಮುಂಚೆ ಆ ಜಾಗದಲ್ಲಿ ವೀಳ್ಯದ ಎಲೆಬಳ್ಳಿಯ ತೋಟವಿತ್ತು. ಎಲೆಬಳ್ಳಿಯ ಮಡಿ ದೇವರ ಮನೆಗಿಂತ ಹೆಚ್ಚು. ಚಪ್ಪಲಿ ಹಾಕಿ ಹೋಗಬಾರದು, ಮಿಂದು ಹೋಗಬೇಕು, ಮುಟ್ಟಾದ ಹೆಂಗಸರಂತೂ ಬೇಲಿಯೊಳಗೆ ಕಾಲಿಡಬಾರದು, ಇಟ್ಟರೆ ಬಳ್ಳಿ ಬಾಡುತ್ತದೆ. ನಮ್ಮ ಯಜಮಾನರು ಎಲೆಬಳ್ಳಿ ಕಿತ್ತು ಬೀಜವಿಲ್ಲದ ದ್ರಾಕ್ಷಿ ಹಾಕಿದರು, ಕಲ್ಲುಕಂಬ ನೆಟ್ಟು ತಂತಿ ಎಳೆದು ಚಪ್ಪರ ಮಾಡಿದರು. ಬಳ್ಳಿ ಹೋಯಿತು, ನಿಯಮ ಉಳಿಯಿತು. ಕೆಲಸಕ್ಕೆ ಬರುವ ಹೆಂಗಸರಲ್ಲಿ ಆ ದಿನಗಳಲ್ಲಿರುವವರು ಚಪ್ಪರದ ಕೆಳಗೆ ಹೋಗುವಂತಿಲ್ಲ. ಅವರಿಗಾಗಿ ತೋಟದ ಆಚೆ ತಗಡು ಹೊದಿಸಿದ ಒಂದು ಪತ್ರಾಸಿನ ಶೆಡ್ಡು. ಅಲ್ಲಿ ಕುಳಿತು ಬೀಜಕ್ಕಿಟ್ಟ ಶೇಂಗಾ ಸುಲಿಯಬೇಕು. ಕೂಲಿ ಎಲ್ಲರಿಗೂ ಒಂದೇ. ಬೆಳಿಗ್ಗೆ ಆಳುಗಳ ಮೇಸ್ತ್ರಿ ಬಾಳೂ ಮುಕಾದಮ ಬಂದು, ನೆಲ ನೋಡುತ್ತಾ, 'ಇವತ್ತ ಶೆಡ್ಡಿಗೆ ಯಾರ‍್ಯಾರು?' ಎಂದು ಕೇಳುತ್ತಿದ್ದ. ನಾಲ್ಕೈದು ಕೈ ಏಳುತ್ತಿದ್ದವು. ಅವನು ಮುಖ ಕೆಂಪು ಮಾಡಿಕೊಂಡು, ಎಣಿಸದೆ, ಹೋಗಿಬಿಡುತ್ತಿದ್ದ.

ಇದೆಲ್ಲ ನನ್ನ ಕಣ್ಣಿಗೆ ಬಿದ್ದದ್ದು ಒಂದು ಡಿಸೆಂಬರಿನಲ್ಲಿ, ದ್ರಾಕ್ಷಿ ಗೊಂಚಲುಗಳನ್ನು ಔಷಧಿಯಲ್ಲಿ ಅದ್ದುವ ಕೆಲಸ ನಡೆದಾಗ. ಐ ವಾಸ್ ಶಾಕ್ಡ್. ನಮ್ಮದೇ ತೋಟದಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ! ಮರುದಿನವೇ ಹೆಂಗಸರನ್ನೆಲ್ಲ ಬೇವಿನ ಮರದ ಕೆಳಗೆ ಕೂಡಿಸಿ ಭಾಷಣ ಮಾಡಿದೆ. 'ಪ್ರಿಯ ಸಹೋದರಿಯರೇ' ಎಂದು ಶುರು ಮಾಡಿದಾಗ ನಾಲ್ಕಾರು ಜನ, ನಾನು ಯಾರನ್ನು ಕರೆಯುತ್ತಿದ್ದೇನೆಂದು ಹಿಂದೆ ತಿರುಗಿ ನೋಡಿದರು. ಮುಟ್ಟು ಎಂಬುದು ಪ್ರಕೃತಿ ಧರ್ಮ, ದ್ರಾಕ್ಷಿಗೆ ಇದೇನೂ ತಿಳಿಯುವುದಿಲ್ಲ, ಇದು ಬರೀ ಸೂಪರ್‌ಸ್ಟಿಷನ್, ನಾಳೆಯಿಂದ ಎಲ್ಲರೂ ಎಲ್ಲ ದಿನವೂ ತಲೆಯೆತ್ತಿ ತೋಟದೊಳಗೆ ಹೋಗಬಹುದು ಎಂದೆ. ಚಪ್ಪಾಳೆ ನಿರೀಕ್ಷಿಸಿದ್ದೆ. ಒಬ್ಬಳು ಕೆಮ್ಮಿದಳು. ಕೊನೆಗೆ ಸುರೇಖಾ ಎದ್ದು ನಿಂತಳು. ಬೌದ್ಧರ ಮನೆಯ ಹುಡುಗಿ, ಮ್ಯಾಟ್ರಿಕ್‌ವರೆಗೆ ಓದಿದ್ದವಳು, ಮದುವೆಯಾಗಿ ವರ್ಷವಾಗಿತ್ತು.

'ನಾವೇನು ಇದನ್ನ ನಂಬೂದಿಲ್ರಿ ವೈನಿ,' ಎಂದಳು; ತೋಟದಲ್ಲಿ ನಾನು ಎಲ್ಲರಿಗೂ ವೈನಿ, ಅಂದರೆ ಅತ್ತಿಗೆ. 'ನೀವು ನಂಬಿಕಿ ತಗೀರಿ, ಬ್ಯಾಡ ಅನ್ನೂದಿಲ್ಲ. ಶೆಡ್ಡ ಯಾಕ ತಗೀತೀರಿ?'

'ನಂಬಿಕೀನ ಇಲ್ಲಂದ್ರ ಶೆಡ್ ಯಾಕ ಬೇಕವಾ? ಲಾಜಿಕಲೀ ನೋಡು.'

ಆಕೆ ಲಾಜಿಕಲೀ ನನ್ನನ್ನೇ ನೋಡಿದಳು. ಪಾಪ, ತಲೆತಲಾಂತರದ ಗುಲಾಮಗಿರಿ, ಒಂದೇ ದಿನಕ್ಕೆ ಬಿಡುವುದಿಲ್ಲ ಎಂದುಕೊಂಡೆ. ಶನಿವಾರದ ಸರ್ಕಲ್ಲಿನಲ್ಲಿ ಹೇಳಲು ಒಂದು ಒಳ್ಳೆಯ ವಾಕ್ಯವನ್ನೂ ಜೋಡಿಸಿಟ್ಟುಕೊಂಡೆ.

ಸಂಜೆ ಯಜಮಾನರು ಚಹಾ ಕುಡಿಯುತ್ತಾ, 'ಮದುವ್ಯಾದಾಗಿಂದ ಇವತ್ತ ಒಂದು ಉಪಯೋಗದ ಮಾತ ಆಡಿದಿ ನೋಡು' ಎಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅವರು ನನ್ನ ಯಾವ ವಿಚಾರವನ್ನೂ ಅಷ್ಟು ಬೇಗ ಒಪ್ಪಿದವರಲ್ಲ. ಮರುದಿನ ಶೇಂಗಾ ಚೀಲಗಳೆಲ್ಲ ಸುಲಿಯುವ ಮಷಿನ್ನಿಗೆ ಹೋದವು. ಶೆಡ್ಡಿನಲ್ಲಿ ಗೊಬ್ಬರದ ಚೀಲ ಬಂದು ಕುಳಿತವು. ಚಪ್ಪರದ ಕೆಳಗೆ ದಿನಕ್ಕೆ ಐದು ಆಳು ಜಾಸ್ತಿಯಾದವು. ಸ್ತ್ರೀ ವಿಮೋಚನೆ ಇಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ.

ಮೂರನೆಯ ಬೆಳಿಗ್ಗೆ ಸುರೇಖಾ ಮತ್ತು ಇನ್ನಿಬ್ಬರು ಹಿತ್ತಲ ಬಾಗಿಲಿಗೆ ಬಂದರು. ಕಲ್ಲವ್ವನಿಗೆ ಮಾತ್ರ ಒಂದು ಮೂಲೆಯಲ್ಲಿ ಕೂತು ಮಾಡುವ ಕೆಲಸ ಕೊಡಬೇಕಂತೆ. ಕಲ್ಲವ್ವ ಎಂದರೆ ನಮ್ಮಲ್ಲಿ ಎಲೆಬಳ್ಳಿಯ ಕಾಲದಿಂದ ದುಡಿದವಳು, ತಲೆ ಪೂರ್ತಿ ಬೆಳ್ಳಗೆ, ಬಾಯಲ್ಲಿ ಹಲ್ಲು ಎಣಿಸುವಷ್ಟು. ಯಾಕೆ ಎಂದು ಕೇಳಿದೆ.

'ಆಕೀ ಹೊರಗದಾಳ್ರಿ,' ಎಂದಳು ಒಬ್ಬಳು, ಬಾಯಿ ತಪ್ಪಿ.

'ಕಲ್ಲವ್ವ?'

ಸುರೇಖಾ ಅವಳ ಕಾಲು ತುಳಿದದ್ದು ನನಗೆ ಕಾಣಿಸಿತು, ಆದರೆ ಅರ್ಥವಾಗಲಿಲ್ಲ. 'ಎಷ್ಟು ದಿನಾತು?' ಎಂದೆ.

'ಶೆಡ್ಡ ಮುಚ್ಚೂತನಕಾ ಹನ್ನೊಂದ ದಿನಾ ಆಗಿತ್ರಿ,' ಎಂದಳು ಅವಳೇ.

ಅರವತ್ತು ದಾಟಿದ ಹೆಂಗಸು, ಹನ್ನೊಂದು ದಿನ. ನಮ್ಮ ಮನೆಯಲ್ಲಿ ಒಂದು ದಪ್ಪನೆಯ ಇಂಗ್ಲಿಷ್ ಹೋಮ್ ಡಾಕ್ಟರ್ ಪುಸ್ತಕವಿತ್ತು. ಅದನ್ನು ಓದಿದವರಿಗೆ ಅದರಲ್ಲಿನ ಎಲ್ಲ ರೋಗವೂ ತಮಗೇ ಇದೆ ಅನ್ನಿಸುತ್ತಿತ್ತು. ಪುಟ ತಿರುವಿದೆ. ಮೈ ಗಾಡ್. ಅಲ್ಲಿದ್ದುದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಗಂಟೆಯಲ್ಲಿ ಜೀಪು ಹೊರಡಿಸಿ, 'ನಾ ಒಲ್ಲೇರಿ ವೈನಿ, ನನಗೇನೂ ಆಗಿಲ್ರಿ' ಎಂದು ಗೋಗರೆಯುತ್ತಿದ್ದ ಕಲ್ಲವ್ವನನ್ನು ಹಿಂದಿನ ಸೀಟಿಗೆ ತಳ್ಳಿ, ಮಿರಜಿನ ದೊಡ್ಡ ಲೇಡಿ ಡಾಕ್ಟರ ಬಳಿ ಹೊರಟೆ. ದಾರಿಯುದ್ದಕ್ಕೂ ಆಕೆಯ ಕೈ ಹಿಡಿದು, ಧೈರ್ಯ ತಗೋ, ನಾನಿದ್ದೇನೆ ಎಂದು ಹೇಳುತ್ತಿದ್ದೆ. ಆಕೆ ಅಳುತ್ತಿದ್ದಳು. ಸಾವಿಗೆ ಹೆದರಿ ಅಳುತ್ತಿದ್ದಾಳೆ ಎಂದುಕೊಂಡು ನಾನೂ ಸ್ವಲ್ಪ ಅತ್ತೆ.

ರೈಲ್ವೆ ಗೇಟು ಹಾಕಿತ್ತು. ಗಾಡಿ ಬರುವುದು ಇನ್ನೂ ತಡವೆಂದು ಡ್ರೈವರ್ ಚಹಾದ ಅಂಗಡಿಗೆ ಇಳಿದ. ಕಲ್ಲವ್ವ ಮೂಗು ಒರೆಸಿಕೊಂಡಳು.

'ವೈನಿ, ಒಂದ ಮಾತ ಹೇಳ್ತೀನಿ. ಬಯ್ಯಬಾರದು.'

'ಹೇಳು ಕಲ್ಲವ್ವ.'

'ನಂದು ನಿಂತು ಹದಿನಾಕ ವರ್ಷಾತ್ರಿ.'

ಗೇಟಿನ ಆಚೆ ಕಬ್ಬಿನ ಬಂಡಿಯ ಎತ್ತು ಗಂಟೆ ಅಲ್ಲಾಡಿಸಿತು. 'ಮತ್ತ ಹನ್ನೊಂದು ದಿನಾ?' ಎಂದೆ.

ಆಕೆ ಎಡಗೈಯಿಂದ ಬಲಗೈಯನ್ನು ಹಿಡಿದು ಮೇಲಕ್ಕೆತ್ತಿದಳು. ಎದೆಯ ಮಟ್ಟಕ್ಕೆ ಬಂದು ನಿಂತಿತು. 'ಇಷ್ಟಽ ಏಳತೈತ್ರಿ. ಮೂರ ವರ್ಷಾತು ಭುಜಾ ಹಿಡದು. ಗೊಂಚಲಾ ಅದ್ದೂದಂದ್ರ ಸಂಜೀತನಕಾ ಕೈ ಮ್ಯಾಲಽ ಇರಬೇಕಲ್ರಿ. ಬಾಳೂಗ ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾನ. ಮೊನ್ನಿ, ನಿನ್ನಿ ಎರಡ ದಿನಾ ಸುರೇಖಾನಽ ತನ್ನ ಸಾಲೂ ಅದ್ದಿ ನನ್ನ ಸಾಲೂ ಅದ್ದ್ಯಾಳ್ರಿ. ಆಕೀಗೆ ಮೂರ ತಿಂಗಳಾ ಬ್ಯಾರೆ.'

'ಈ ಸಂಗತಿ ಯಾರಿಗೂ ಗೊತ್ತಿಲ್ಲೇನು?'

'ಎಲ್ಲಾರಿಗೂ ಗೊತ್ತೈತ್ರಿ. ನಿಮಗ, ಸಾಹೇಬ್ರಿಗೆ, ಬಾಳೂಗ ಅಷ್ಟ ಗೊತ್ತಿಲ್ಲ. ಶೆಡ್ಡಿನ್ಯಾಗ ಕುಂಡ್ರಾವ್ರ ಪಾಳಿ ನಾವಽ ಹಚ್ಚತೀವಿ. ಬಸರಿದ್ದಾವ್ರು, ಹಸಿ ಬಾಣಂತೇರು, ಗಂಡನ ಕೈಲೆ ಹೊಡತಾ ತಿಂದಾವ್ರು. ಖರೇನ ಹೊರಗಾದಾವ್ರೂ ಒಮ್ಮೊಮ್ಮೆ ಇರ್ತಾರ್ರಿ.'

'ಬಸುರಿ ಹೆಂಗಸು ಹೊರಗಾಗೀನಿ ಅಂತ ಕೈ ಎತ್ತಿದ್ರ ಬಾಳೂಗೆ ತಿಳಿಯೂದಿಲ್ಲ?'

'ಗಂಡಸಲ್ರಿ ವೈನಿ,' ಎಂದಳು ಕಲ್ಲವ್ವ, ಬಹಳ ಕನಿಕರದಿಂದ. 'ಲೆಕ್ಕಾ ಎಲ್ಲಿ ತಿಳೀಬೇಕ್ರಿ.'

ಇಷ್ಟು ಬುದ್ಧಿ ಯಾರದು ಎಂದು ಕೇಳಿದೆ. ಆಕೆ ಕಣ್ಣು ಕೆಳಗಿಳಿಸಿ, 'ಅವ್ವಾರಽ ಹೇಳಿಕೊಟ್ಟಾರ್ರಿ' ಎಂದಳು. ಅವ್ವಾರು ಎಂದರೆ ನಮ್ಮತ್ತೆ. ದಿನಕ್ಕೆ ಒಂದೂವರೆ ತಾಸು ಪೂಜೆ, ವಾರಕ್ಕೆ ಎರಡು ಉಪವಾಸ, ನನ್ನ ನೆರಳು ಬಿದ್ದರೆ ಉಪ್ಪಿನಕಾಯಿ ಭರಣಿ ಸರಿಸಿಡುವ ನಮ್ಮತ್ತೆ. ಅಷ್ಟರಲ್ಲಿ ರೈಲು ಬಂದದ್ದು ಒಳ್ಳೆಯದಾಯಿತು. ನನ್ನ ಬಾಯಿ ತೆರೆದೇ ಇತ್ತು, ಎಲ್ಲರ ಕಣ್ಣೂ ರೈಲಿನ ಮೇಲಿದ್ದುದರಿಂದ ಯಾರಿಗೂ ಕಾಣಲಿಲ್ಲ. ಹೊರಟದ್ದಾಗಿದೆ ಎಂದು ಮಿರಜಿಗೆ ಹೋಗಿ ಭುಜವನ್ನೇ ತೋರಿಸಿದೆವು. ಕೈ ಮೇಲೆತ್ತುವ ಕೆಲಸ ಬಿಡಬೇಕು ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಕಲ್ಲವ್ವ ಅದನ್ನು ಮೂರು ವರ್ಷದ ಹಿಂದೆಯೇ ಕನ್ನಡದಲ್ಲಿ ಕಂಡುಹಿಡಿದಿದ್ದಳು.

ಮಧ್ಯಾಹ್ನ ಮನೆಗೆ ಬಂದಾಗ ನಮ್ಮತ್ತೆ ಪಡಸಾಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ನಾನು ನೇರವಾಗಿ ಕೇಳಿದೆ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

'ಎಲಿಬಳ್ಳಿಗೆ ಆ ಮಾತ ನಮ್ಮತ್ತಿ ಕಾಲಕ್ಕ ಇತ್ತು. ದ್ರಾಕ್ಷಿಗೆ ನಾನಽ ಹಾಕೀನಿ,' ಎಂದರು. 'ನಿನ್ನ ಗಂಡ ಹೊಸಾ ಬಳ್ಳಿ ಹಚ್ಚಿದಾಗ ಹೆಣಮಕ್ಕಳು ಬಂದು, ಅವ್ವಾರ, ಇದಕ್ಕೂ ಆ ನೇಮ ನಡೀತೈತೇನ್ರಿ ಅಂತ ಕೇಳಿದ್ರು. ಅವರ ಮಾರಿ ನೋಡಿದ್ನಿ. ಬಳ್ಳಿ ಅಂದ್ರ ಬಳ್ಳಿನಽ, ನಡೀತೈತಿ ಅಂದ್ನಿ. ಮೂರ ದಿನಾ ಕುಂಡ್ರಲಿಲ್ಲಂದ್ರ ನಾನರ ಎಲಿಬಳ್ಳಿ ತ್ವಾಟದಾಗ ಬದುಕತಿದ್ದೇನ?'

'ಅಂದ್ರ ನೀವು ಮೈಲಿಗಿ, ದೇವ್ರು, ಇದನ್ನೆಲ್ಲಾ…'

'ದೇವರಿಗೆ ಬ್ಯಾರೆ ಕೆಲಸಿಲ್ಲೇನ, ಯಾರ ಯಾವಾಗ ಹೊರಗಾದ್ರಂತ ನೋಡಕೋತ ಕೂಡಾಕ?'

ಹೀಗೆ ಹೇಳಿ ಅವರು ಬತ್ತಿಯನ್ನು ತಟ್ಟೆಯಲ್ಲಿಟ್ಟು ಇನ್ನಷ್ಟು ಹತ್ತಿ ತೆಗೆದುಕೊಂಡರು. ನನ್ನ ಥಿಂಕರ್ಸ್ ಸರ್ಕಲ್ಲಿನಲ್ಲಿ ಯಾರಾದರೂ ಈ ಮಾತಾಡಿದ್ದರೆ ಮುಂದಿನ ಸಭೆಗೆ ಹೇಳಿಕಳಿಸಲು ಖಂಡಿತ ಮರೆಯುತ್ತಿದ್ದೆವು. ಅದಿರಲಿ, ಸುಳ್ಳು ಯಾಕೆ, ಹೆಂಗಸರಿಗೆ ದಣಿವಾಗುತ್ತದೆ, ಭುಜ ನೋಯುತ್ತದೆ ಎಂದು ಮಗನಿಗೆ ನೇರ ಹೇಳಬಹುದಿತ್ತಲ್ಲ ಎಂದೆ.

'ಭುಜಾ ನೋಯೂದು ಗಂಡಸರಿಗೆ ತಿಳೀತೈತಿ. ತಿಳೀತೈತಿ ಅಂತಽ ಬಿಡೂದಿಲ್ಲ, ನಮಗೂ ನೋಯತೈತಿ ಅಂತಾರ. ಇದು ತಿಳಿಯೂದಿಲ್ಲ, ಅದಕ್ಕ ಬಿಡ್ತಾರ,' ಎಂದರು. ಆಮೇಲೆ ನನ್ನ ಮುಖ ನೋಡಿ, 'ಕಾನ್ವೆಂಟಿನ್ಯಾಗ ಕಲ್ತಾಕಿ ನೀನು. ಹೊಸಾ ಮಾತ ಕೇಳಿದ್ರ ಹಿಂಗ್ಯಾಕ ಬೆದರತಿ?' ಎಂದರು.

ಆದರೂ ನಾನು ಸಿಸ್ಟರ್ ಆಗ್ನೆಸ್ ಅವರ ಶಿಷ್ಯೆ. ಸತ್ಯದ ದಾರಿಯನ್ನು ಒಮ್ಮೆ ನೋಡಿಯೇಬಿಡೋಣ ಎಂದು ಆ ಸಂಜೆ ಯಜಮಾನರಿಗೆ, ಯಾರ ಹೆಸರೂ ಹೇಳದೆ, ಕೈನೋವು ಇದ್ದವರಿಗೆ ಶೆಡ್ಡು ಮತ್ತೆ ತೆಗೆಯೋಣವೇ ಎಂದು ಕೇಳಿದೆ. 'ಹಂಗಂದ್ರ ನಾಳೆ ಎಲ್ಲಾರ ಕೈ ನೋಯತಾವ. ನನ್ನವೂ ನೋಯತಾವ,' ಎಂದರು. ನಮ್ಮತ್ತೆ ಒಳಗಿನಿಂದ ಬಳೆ ಸದ್ದು ಮಾಡಿದರು. ಕೇಳಿಸಿತೇ ಎಂದು ಅದರ ಅರ್ಥ. ಮರುದಿನ ಬೆಳಿಗ್ಗೆ ನಾನೇ ಒಂದು ಮಗ್ಗು ಹಿಡಿದು ಚಪ್ಪರದ ಕೆಳಗೆ ಹೋದೆ. ದ್ರಾಕ್ಷಿಯ ಕಾಳು ಉದ್ದವಾಗುವ ಔಷಧಿಯನ್ನು ಮಗ್ಗಿನಲ್ಲಿ ತುಂಬಿ, ಮೇಲೆತ್ತಿ, ಗೊಂಚಲನ್ನು ಅದರಲ್ಲಿ ಮುಳುಗಿಸಿ ಇಳಿಸಬೇಕು. ತಣ್ಣನೆಯ ಔಷಧಿ ಮೊಣಕೈಗುಂಟ ಇಳಿದು ಕುಪ್ಪಸದೊಳಗೆ ಹೋಗುತ್ತದೆ. ಹನ್ನೆರಡನೆಯ ಗೊಂಚಲಿಗೆ ನನ್ನ ತೋಳು ರಾಜೀನಾಮೆ ಕೊಟ್ಟಿತು. ಪಕ್ಕದ ಸಾಲಿನಲ್ಲಿ ಸುರೇಖಾ, ಒಂದು ಸಾಲು ತನ್ನದು, ಒಂದು ಸಾಲು ಕಲ್ಲವ್ವನದು, ಮಾತಿಲ್ಲದೆ ಅದ್ದುತ್ತಿದ್ದಳು. ಕಲ್ಲವ್ವ ಖಾಲಿ ಮಗ್ಗು ಹಿಡಿದು, ಬಾಳೂ ಬಂದಾಗಲೆಲ್ಲ ಎದೆಯ ಮಟ್ಟದ ಎಲೆಗಳನ್ನು ಸವರುತ್ತಿದ್ದಳು.

ಊಟಕ್ಕೆ ಬಂದ ಯಜಮಾನರ ಮುಂದೆ ನಾನು ಹೋಮ್ ಡಾಕ್ಟರ್ ಪುಸ್ತಕ ತೆರೆದು ಕುಳಿತೆ. ಮುಖ ಗಂಭೀರ ಮಾಡಿಕೊಂಡೆ. ದ್ರಾಕ್ಷಿಗೆ ಹಾಕುವ ಆ ಔಷಧಿ ಒಂದು ಹಾರ್ಮೋನ್. ಹೆಂಗಸರಿಗೆ ಆ ದಿನಗಳಲ್ಲಿ ಒಳಗೊಂದು ಹಾರ್ಮೋನ್ ಇರುತ್ತದೆ. ಎರಡೂ ಸೇರಿದರೆ ಹಾರ್ಮೋನಲ್ ಇಂಟರ್‌ಆ್ಯಕ್ಷನ್. ಅದರಿಂದ ಕಾಳು ಉದ್ದವಾಗುವ ಬದಲು ಉದುರಿದರೂ ಉದುರಬಹುದು. ವಯಸ್ಸಾದವರಲ್ಲಿ ಇನ್ನೂ ಅಪಾಯ, ಅವರದು ಹೇಳಿಕೇಳಿ ಇರ‍್ರೆಗ್ಯುಲರ್. ಇಷ್ಟನ್ನೂ ಇಂಗ್ಲಿಷಿನಲ್ಲಿಯೇ ಹೇಳಿದೆ. ಕನ್ನಡದಲ್ಲಿ ಹೇಳಿದರೆ ಸುಳ್ಳು ಎಂದು ನನಗೇ ಗೊತ್ತಾಗುತ್ತಿತ್ತು. ಯಜಮಾನರು ರೊಟ್ಟಿ ಹಿಡಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿ, 'ಉದುರತಾವ?' ಎಂದರು. ಅಷ್ಟೇ. ಸಂಜೆಯೊಳಗೆ ಗೊಬ್ಬರದ ಚೀಲ ಹೊರಬಿದ್ದವು, ಮಷಿನ್ನಿನಲ್ಲಿ ಇನ್ನೂ ಸರದಿ ಕಾಯುತ್ತಿದ್ದ ಶೇಂಗಾ ಚೀಲ ವಾಪಸು ಬಂದವು. ಮರುದಿನ ಬಾಳೂ ನೆಲ ನೋಡುತ್ತಾ ಕೇಳಿದಾಗ, ಎಲ್ಲರಿಗಿಂತ ಮೊದಲು ಎದ್ದದ್ದು, ಎದೆಯ ಮಟ್ಟಕ್ಕೆ, ಕಲ್ಲವ್ವನ ಕೈ. ಅದರ ಹಿಂದೆ ಸುರೇಖಾಳದು. ಎದುರು ಹಾದುಹೋಗುವಾಗ ಆಕೆ, 'ನಂಬಿಕಿ ಬಿಡಸಾಕ ಬಂದು ಹೊಸಾದೊಂದು ಕೊಟ್ರಿ ನೋಡ್ರಿ ವೈನಿ,' ಎಂದಳು. ನಗುತ್ತಿದ್ದಳೋ ಬಯ್ಯುತ್ತಿದ್ದಳೋ ಇಂದಿಗೂ ಗೊತ್ತಾಗಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಯಜಮಾನರಿಗೆ ತಿಳಿದದ್ದು ನಾಲ್ಕು ಜನಕ್ಕೆ ಹೇಳುವ ಚಟ. ಮರುವರ್ಷ ಕಾಗವಾಡದಿಂದ ಒಬ್ಬರು ದ್ರಾಕ್ಷಿ ಬೆಳೆಗಾರರು ಬಂದು, 'ಮೇಡಂ, ಆ ಹಾರ್ಮೋನಿನ ಸಂಗತಿ ಸ್ವಲ್ಪ ಬಿಡಿಸಿ ಹೇಳ್ರಿ' ಎಂದರು. ಅಥಣಿಯ ಕಡೆಯವರು ಬರೆದುಕೊಂಡೇ ಹೋದರು. ಎರಡು ವರ್ಷದಲ್ಲಿ, ಎಂದೂ ಎಲೆಬಳ್ಳಿ ಬೆಳೆಯದ, ಇಂಥ ನಿಯಮವೇ ಕೇಳದ ತೋಟಗಳಲ್ಲೂ ಒಂದೊಂದು ಪತ್ರಾಸಿನ ಶೆಡ್ಡು ಎದ್ದಿತು. ನಮ್ಮ ಥಿಂಕರ್ಸ್ ಸರ್ಕಲ್ಲಿನ ಡಾಕ್ಟರರ ಹೆಂಡತಿಯೂ ಒಮ್ಮೆ ಚುರಮುರಿ ತಿನ್ನುತ್ತಾ, 'ಸೈಂಟಿಫಿಕಲೀ ಪ್ರೂವ್ಡ್ ಅಂತಲ್ರಿ' ಎಂದರು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಸಿಸ್ಟರ್ ಆಗ್ನೆಸ್ ನೆನಪಾಗಿ ಅಂದು ಮನೆಗೆ ನಡೆದೇ ಬಂದೆ.

ವರ್ಷಗಳು ಕಳೆದವು. ನಮ್ಮತ್ತೆ ತೀರಿಕೊಂಡರು, ಪಡಸಾಲೆಯಲ್ಲಿ ಮಾಲೆ ಹಾಕಿದ ಫೋಟೊ ಆದರು. ತೊಂಬತ್ತರ ದಶಕದ ಕೊನೆಗೆ ನನಗೂ ಸೊಸೆ ಬಂದಳು, ಧಾರವಾಡದಲ್ಲಿ ಬಿ.ಎಸ್ಸಿ. ಅಗ್ರಿ ಮಾಡಿದವಳು, ಪ್ರತಿಯೊಂದಕ್ಕೂ ಕಾರಣ ಕೇಳುವವಳು. ಬಂದ ಹದಿನೈದನೆಯ ದಿನ ತೋಟದಿಂದ ಸರಸರನೆ ಬಂದಳು, ಮುಖ ಕೆಂಪಾಗಿತ್ತು.

'ಅತ್ತಿ, ಹೆಣಮಕ್ಕಳನ್ನ ಹೊರಗ ಕುಂಡ್ರಸತಾರ. ಕೇಳಿದ್ರ ಹಾರ್ಮೋನ್ ರಿಯಾಕ್ಷನ್ ಅಂತಾರ. ಕಂಪ್ಲೀಟ್ ನಾನ್ಸೆನ್ಸ್. ಇದನ್ನ ಯಾರ ಶುರು ಮಾಡಿದ್ದು?'

ನಾನು ಆ ಹುಡುಗಿಯ ಉರಿಯುವ ಕಣ್ಣು ನೋಡಿದೆ. ಬೇವಿನ ಮರದ ಕೆಳಗೆ 'ಪ್ರಿಯ ಸಹೋದರಿಯರೇ' ಎಂದ ಒಬ್ಬಾಕೆ ಅದರಲ್ಲಿ ಕಂಡಳು. ನಿಜ ಹೇಳಬೇಕೆಂದೇ ಬಾಯಿ ತೆರೆದೆ.

'ನಮ್ಮತ್ತಿ,' ಎಂದೆ.

ಅವಳು ಫೋಟೊದ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟಳು. 'ಪಾಪ, ಓದಿದ್ದಿಲ್ಲ ಬಿಡ್ರಿ.' ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. 'ಮತ್ತ ಈ ಫೋಟೊದಾಗಿನ ಆಯಿಗೆ ಹಾರ್ಮೋನ್ ಅನ್ನೂ ಶಬ್ದ ಹೆಂಗ ಗೊತ್ತಿತ್ತು?'

ಫೋಟೊದಲ್ಲಿ ನಮ್ಮತ್ತೆ ಎಂದಿನಂತೆ ನೇರ ನನ್ನನ್ನೇ ನೋಡುತ್ತಿದ್ದರು. ನಾನು ಎಡಗೈಯಿಂದ ಬಲ ಭುಜವನ್ನು ಒತ್ತಿಕೊಂಡೆ. 'ಯಾಕೋ ಭುಜಾ ಹಿಡದೈತವಾ, ಸ್ವಲ್ಪ ಕುಂಡ್ರತೀನಿ' ಎಂದು ಮೊರ ಎತ್ತಿಕೊಂಡು ಶೆಡ್ಡಿನ ಕಡೆ ನಡೆದೆ. ಅಲ್ಲಿದ್ದ ಹೆಂಗಸರು ಸರಿದು ಜಾಗ ಮಾಡಿ, ನನ್ನ ಮುಂದೆ ಒಂದಿಷ್ಟು ಶೇಂಗಾ ಸುರುವಿದರು. ಯಾಕೆ ಬಂದಿರಿ ಎಂದು ಒಬ್ಬರೂ ಕೇಳಲಿಲ್ಲ.